ಕ್ಯಾಂಪಿನ ಮೊದಲ ಕುಟುಂಬಗಳ ನೆನಪಿನ ಕೋಣೆ: ಗೋಡೆಯ ಮೇಲೆ ಯಾರ ಹೆಸರು ಬರೆಯಬೇಕು?

ಪ್ರಶ್ನೆ: ಕ್ಯಾಂಪಿನ ಮಾಸ್ತರ, ಸಿಂಧನೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ತುಂಗಭದ್ರಾ ಜಲಾಶಯದಿಂದ 1953ರಲ್ಲಿ ನೀರು ಬಿಟ್ಟ ಮೇಲೆ, ಎಡದಂಡೆ ಕಾಲುವೆ ಮುಂದೆ ಸಾಗಿದಂತೆಲ್ಲ ಆಂಧ್ರದ ಗೋದಾವರಿ, ಕೃಷ್ಣಾ, ಗುಂಟೂರು ಜಿಲ್ಲೆಗಳಿಂದ ಬಂದ ರೈತ ಕುಟುಂಬಗಳು ಕಾಲುವೆಯ ಮಗ್ಗುಲಲ್ಲಿ ಗುಡಿಸಲು ಹಾಕಿಕೊಂಡು ನಿಂತವು. ಆ ಜಾಗಗಳೇ ಇಂದು ಗಂಗಾವತಿಯಿಂದ ಮಾನ್ವಿಯವರೆಗೆ ಕ್ಯಾಂಪ್ ಎಂಬ ಹೆಸರು ಹೊತ್ತಿರುವ ಊರುಗಳು. ನಮ್ಮದೂ ಅಂಥದೊಂದು. ಮೊದಲು ಬಂದ ತಲೆಮಾರಿನಲ್ಲಿ ಈಗ ಇಬ್ಬರು ಮಾತ್ರ ಉಳಿದಿದ್ದಾರೆ.

ಊರಿನ ಹಿರಿಯರು ಹಳೆಯ ಗೋದಾಮಿನ ಒಂದು ಕೋಣೆಯನ್ನು ಶಾಲೆಗೆ ಬಿಟ್ಟುಕೊಟ್ಟು, ಊರು ಕಟ್ಟಿದ ಎಂಟು ಕುಟುಂಬಗಳ ನೆನಪು ಉಳಿಯುವಂತೆ ಅಲ್ಲೊಂದು ಪ್ರದರ್ಶನ ಏರ್ಪಡಿಸಬೇಕೆಂದು ಕೇಳಿಕೊಂಡಿದ್ದಾರೆ. ಮಕ್ಕಳು ಮನೆಮನೆ ತಿರುಗಿ ಸಾಕಷ್ಟು ವಸ್ತುಗಳನ್ನು ತಂದಿದ್ದಾರೆ. ಊರು ಬಿಟ್ಟು ಬರುವಾಗ ತಂದ ತಗಡಿನ ಟ್ರಂಕು, ಹಿತ್ತಾಳೆಯ ಬಿಂದಿಗೆ, ಕಾಲುವೆ ದಡದ ಗುಡಿಸಲ ಮುಂದೆ ತೆಗೆಸಿದ ಎರಡು ಫೋಟೊ, ಎತ್ತಿನ ಗಾಡಿಯ ಒಂದು ಗಾಲಿ ಅವುಗಳಲ್ಲಿ ಸೇರಿವೆ. ಒಂದು ಮನೆಯವರು ತಮ್ಮ ಹೊಲದ ಮೊದಲ ಪತ್ರವೆಂದು ಪೂಜೆಯ ಗೂಡಿನಲ್ಲಿ ಇಟ್ಟುಕೊಂಡಿದ್ದ ಉರ್ದು ಕಾಗದವನ್ನೂ ಕೊಟ್ಟಿದ್ದಾರೆ. ಅದು ನಾಲ್ಕು ಮಡಿಕೆಯದು, ಮಡಿಕೆಯ ಗೆರೆಗಳಲ್ಲಿ ಹರಿದಿದೆ. ಅದರಲ್ಲಿ ಏನಿದೆ ಎಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಹಿರಿಯರ ಮನಸ್ಸಿನಲ್ಲಿರುವುದು ಎಂಟು ದೊಡ್ಡ ಭಾವಚಿತ್ರಗಳು, ಅವುಗಳ ಕೆಳಗೆ ವಂಶವೃಕ್ಷ. ನಾನೂ ಹಾಗೆಯೇ ಮಾಡುವುದೆಂದು ಇದ್ದೆ. ಆದರೆ ಪಕ್ಕದ ಹಳೆಯ ಹಳ್ಳಿಯಿಂದ ನಮ್ಮ ಶಾಲೆಗೆ ಬರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ವಸ್ತುಗಳನ್ನು ಒರೆಸಿ ಇಡುತ್ತಿದ್ದಾಗ, "ಸರ್, ನಮ್ಮ ಅಜ್ಜಿ ಇದೇ ಹೊಲದಾಗ ನಾಟಿ ಹಚ್ಚ್ಯಾಳ್ರಿ, ಆಕಿ ಫೋಟೊ ಎಲ್ಲಿ ಇಡ್ತೀರಿ?" ಎಂದು ಕೇಳಿದಳು. ಆಕೆಗೆ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಅಂದಿನಿಂದ ಕೆಲಸ ನಿಂತಿದೆ.

ಬಂದವರ ಶ್ರಮವನ್ನು ಕಡಿಮೆ ಮಾಡದೆ, ಮೊದಲೇ ಇದ್ದವರನ್ನು ಅಳಿಸಿಹಾಕದೆ ಇಂಥ ಪ್ರದರ್ಶನವನ್ನು ಹೇಗೆ ಜೋಡಿಸಬೇಕು? ಹಳೆಯ ಕಾಗದ ಮತ್ತು ಫೋಟೊಗಳನ್ನು ಕೆಡದಂತೆ ಹೇಗೆ ಇಡಬೇಕು? ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಎರೆಹೊಲ, ಮಾನ್ವಿ ತಾಲ್ಲೂಕು

ಗುರುಗಳೇ, ನಾನು ಹೊಲ ಮಾರಿದವರ ಮನೆಯ ಮೊಮ್ಮಗ. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ.

ನಮ್ಮ ಕಡೆ ಇಂದಿಗೂ ಎರಡು ಮಾತು ಕೇಳಿಬರುತ್ತವೆ. ಕ್ಯಾಂಪಿನವರು "ಬೀಳು ಬಿದ್ದಿದ್ದ ನೆಲವನ್ನು ನಾವು ಬಂಗಾರ ಮಾಡಿದೆವು" ಎನ್ನುತ್ತಾರೆ. ಹಳೆಯ ಊರಿನವರು "ನಮ್ಮ ಹಿರಿಯರನ್ನು ಮರುಳು ಮಾಡಿ ಹೊಲ ಕೊಂಡರು" ಎನ್ನುತ್ತಾರೆ. ನನ್ನ ತಾತ ಹೇಳುತ್ತಿದ್ದುದು ಇವೆರಡಕ್ಕೂ ಹೊಂದುತ್ತಿರಲಿಲ್ಲ. ನಮ್ಮ ನೆಲ ಬೀಳು ಬಿದ್ದಿರಲಿಲ್ಲ. ಅದು ಎರೆಭೂಮಿ, ಮಳೆಗಾಲದ ಹಸಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಹಿಂಗಾರಿಯಲ್ಲಿ ಬಿಳಿಜೋಳ, ಹತ್ತಿ, ಕಡಲೆ ಕೊಡುತ್ತಿದ್ದ ನೆಲ. ಅಂಥ ಹೊಲದಲ್ಲಿ ನೀರು ನಿಲ್ಲಿಸಿದರೆ ಕೆಡುತ್ತದೆ ಎಂಬುದು ತಾತನ ಅನುಭವವೇ ಹೊರತು ಅಜ್ಞಾನವಲ್ಲ. ಯೋಜನೆಯನ್ನು ರೂಪಿಸಿದವರೂ ಕಾಲುವೆಯ ನೀರನ್ನು ಹೆಚ್ಚಾಗಿ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗೆಂದೇ ಹಂಚಿದ್ದರು. ಯಾವ ಸರ್ವೆ ನಂಬರಿಗೆ ಯಾವ ಬೆಳೆಗೆ ನೀರು ಎಂದು ಸರ್ಕಾರವೇ ಗೊತ್ತುಪಡಿಸಿತ್ತು. ಬರಗಾಲದ ಸೀಮೆಯಲ್ಲಿ ಆದಷ್ಟು ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಲಿ ಎಂಬುದು ಅದರ ಉದ್ದೇಶವಾಗಿತ್ತು.

ಬಂದವರ ಕೈಯಲ್ಲಿ ಬೇರೊಂದು ವಿದ್ಯೆಯಿತ್ತು. ಗೋದಾವರಿಗೆ ಧವಳೇಶ್ವರದಲ್ಲಿ 1852ರಲ್ಲಿ, ಕೃಷ್ಣೆಗೆ ವಿಜಯವಾಡದಲ್ಲಿ 1855ರಲ್ಲಿ ಆಣೆಕಟ್ಟುಗಳಾಗಿದ್ದವು. ಅಂದರೆ ನಮ್ಮ ಕಾಲುವೆಗೆ ನೀರು ಬರುವ ಹೊತ್ತಿಗೆ ಅವರ ಮನೆತನಗಳು ನೂರು ವರ್ಷ ಕಾಲುವೆ ಬೇಸಾಯ ಮಾಡಿದ್ದವು. ನೆಲವನ್ನು ಮಟ್ಟ ಮಾಡುವುದು, ಮಡಿ ಕಟ್ಟುವುದು, ಸಸಿ ಬಿಟ್ಟು ನಾಟಿ ಮಾಡಿಸುವುದು ಅವರಿಗೆ ಹುಟ್ಟಿನಿಂದ ಬಂದದ್ದು. ಅಲ್ಲಿಯ ಒಂದಿಷ್ಟು ಹೊಲ ಮಾರಿದ ಹಣದಲ್ಲಿ ಇಲ್ಲಿ ಅದರ ಹಲವು ಪಟ್ಟು ಹೊಲ ಬರುತ್ತಿತ್ತು. ನಮ್ಮವರಲ್ಲಿ ಮಟ್ಟ ಮಾಡಿಸಲು ಹಣವೂ ಇರಲಿಲ್ಲ, ಭತ್ತದ ಅನುಭವವೂ ಇರಲಿಲ್ಲ. ತಾತ ಮೂರು ಹೊಲಗಳಲ್ಲಿ ಎರಡನ್ನು ಮಾರಿ, ಸಾಲ ತೀರಿಸಿ, ಒಂದನ್ನು ಉಳಿಸಿಕೊಂಡರು. ಬಂದವರ ನೂರು ವರ್ಷಗಳ ವಿದ್ಯೆ ಮತ್ತು ನಮ್ಮವರ ಒಣಬೇಸಾಯದ ವಿದ್ಯೆ ಒಂದೇ ಹೊಲದಲ್ಲಿ ಎದುರಾದ ಸಂಗತಿಯನ್ನು ನಿಮ್ಮ ಕೋಣೆ ತೋರಿಸಿದರೆ ಸಾಕು. ತಪ್ಪು ಯಾರದೆಂದು ಅಲ್ಲಿ ತೀರ್ಮಾನವಾಗಬೇಕಿಲ್ಲ.

ಒಂದು ವಸ್ತುವನ್ನು ಸೂಚಿಸುತ್ತೇನೆ. ಹಳೆಯ ಊರಿನ ಯಾವುದಾದರೂ ಮನೆಯ ಹಗೇವಿನ, ಅಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿಯ, ಬಾಯಿಗೆ ಮುಚ್ಚುತ್ತಿದ್ದ ಚಪ್ಪಡಿ ಕಲ್ಲನ್ನು ಕೇಳಿ ತನ್ನಿ. ನಮ್ಮ ಅಂಗಳದಲ್ಲಿ ಹಗೇವು ಇತ್ತು. ಅದನ್ನು ತೆರೆದ ದಿನ ತಾತ ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಗೆ ಇಳಿಸಿ ನೋಡುತ್ತಿದ್ದರು; ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದು ಅರ್ಥ, ಆಗ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಭತ್ತವು ಕಣದಿಂದ ನೇರವಾಗಿ ಅಕ್ಕಿ ಗಿರಣಿಗೆ ಹೋಗತೊಡಗಿದ ಮೇಲೆ ಹಗೇವಿನಲ್ಲಿ ತುಂಬಿಡುವ ಜೋಳವೇ ಇಲ್ಲವಾಗಿ, ಅದನ್ನು ಮಣ್ಣು ಹಾಕಿ ಮುಚ್ಚಿದೆವು. ಭತ್ತದ ಚೀಲದ ಪಕ್ಕದಲ್ಲಿ ಆ ಕಲ್ಲನ್ನು ಇಟ್ಟರೆ, ಕಾಲುವೆ ಏನನ್ನು ತಂದಿತು, ಏನನ್ನು ಮುಚ್ಚಿಸಿತು ಎಂಬುದು ಮಕ್ಕಳಿಗೆ ಕಣ್ಣೆದುರೇ ಕಾಣುತ್ತದೆ.

ಉತ್ತರ 2: ಕಡತದ ಕೋಣೆ, ಬಳ್ಳಾರಿ

ನಾನು ದಾಖಲೆಗಳ ಕೆಲಸದಲ್ಲಿದ್ದು ನಿವೃತ್ತನಾದವನು. ಎಲ್ಲಕ್ಕಿಂತ ಮೊದಲು ಒಂದು ವಿನಂತಿ: ಆ ಉರ್ದು ಕಾಗದವನ್ನು ಲ್ಯಾಮಿನೇಷನ್ ಮಾಡಿಸಬೇಡಿ. ನನ್ನ ತಂದೆಯವರ ಒಂದು ಪತ್ರವನ್ನು ಮನೆಯವರು ಒಳ್ಳೆಯ ಉದ್ದೇಶದಿಂದಲೇ ಲ್ಯಾಮಿನೇಷನ್ ಮಾಡಿಸಿದ್ದರು. ಬಿಸಿಗೆ ಶಾಯಿ ಹರಡಿ, ಕೆಲವೇ ವರ್ಷಗಳಲ್ಲಿ ಹಾಳೆ ಕಂದಾಯಿತು. ಈಗ ಪ್ಲಾಸ್ಟಿಕ್ ಬಿಡಿಸಲು ಹೋದರೆ ಅಕ್ಷರಗಳೂ ಅದರೊಂದಿಗೇ ಬರುತ್ತವೆ. ಹರಿದ ಮಡಿಕೆಗೆ ಸೆಲ್ಲೊಟೇಪನ್ನೂ ಹಚ್ಚಬಾರದು. ಕಾಗದವನ್ನು ನಿಧಾನವಾಗಿ ಬಿಡಿಸಿ, ಎರಡು ಶುದ್ಧ ಬಿಳಿ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಿ. ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ ಮೊಬೈಲಿನಿಂದ ಎರಡೂ ಬದಿಯ ಚಿತ್ರ ತೆಗೆದು, ಪ್ರದರ್ಶನದಲ್ಲಿ ಆ ಚಿತ್ರದ ಪ್ರತಿಯನ್ನೇ ತೂಗುಹಾಕಿ. ಹಳೆಯ ಫೋಟೊಗಳು ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲು ಹೋಗದೆ, ಗಾಜಿನ ಮೇಲಿಂದಲೇ ಚಿತ್ರ ತೆಗೆಯಿರಿ. ಮೂಲ ಪ್ರತಿಗಳು ಗೋಡೆಗೆ ತಾಗದ ಕಬ್ಬಿಣದ ಕಪಾಟಿನಲ್ಲಿರಲಿ. ಗೋದಾಮಿನ ಗೋಡೆಗೆ ಗೆದ್ದಲು ಬರುತ್ತದೆ, ಮಳೆಗಾಲದಲ್ಲಿ ತೇವ ಏರುತ್ತದೆ. ಟ್ರಂಕಿಗೆ ಹೊಸ ಬಣ್ಣ ಬಳಿಯಬೇಡಿ, ಬಿಂದಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಯಿಸಬೇಡಿ. ಬಳಕೆಯ ಗುರುತುಗಳೇ ಅವುಗಳ ಚರಿತ್ರೆ.

ಇನ್ನು ಆ ಕಾಗದವನ್ನು ಓದಿಸುವ ವಿಚಾರ. ರಾಯಚೂರು ಜಿಲ್ಲೆ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಕೊಪ್ಪಳ ಆಗ ಅದರೊಳಗೇ ಸೇರಿತ್ತು, ಕಂದಾಯದ ಬರವಣಿಗೆ ಉರ್ದುವಿನಲ್ಲಿ ನಡೆಯುತ್ತಿತ್ತು. ವರ್ಷವನ್ನು ಬಹುಮಟ್ಟಿಗೆ ಫಸಲಿಯಲ್ಲಿ, ಅಂದರೆ ಕಂದಾಯಕ್ಕೆ ಬಳಸುತ್ತಿದ್ದ ವರ್ಷಗಣನೆಯಲ್ಲಿ, ಬರೆಯುತ್ತಿದ್ದರು. ಅಂಕಿಯ ಪಕ್ಕದಲ್ಲಿ 'ಫೆ' ಅಕ್ಷರವಿದ್ದರೆ ಅದಕ್ಕೆ 590 ಸೇರಿಸಿ. ಉದಾಹರಣೆಗೆ 1349 ಫಸಲಿ ಎಂದರೆ 1939-40. ನಿಮ್ಮ ಕಾಗದದ ವರ್ಷ 1360ಕ್ಕಿಂತ ಹಿಂದಿನದಾಗಿದ್ದರೆ, ಅದು ಕ್ಯಾಂಪಿನವರಿಗೆ ಬರೆದುಕೊಟ್ಟ ಪತ್ರವಾಗಿರಲು ಸಾಧ್ಯವಿಲ್ಲ. ಹೊಲದ ಜೊತೆಯಲ್ಲಿ ಕೈಬದಲಾದ, ಹಿಂದಿನ ಪಟ್ಟೇದಾರರ, ಅಂದರೆ ಕಂದಾಯ ದಾಖಲೆಯಲ್ಲಿ ಹೊಲ ಯಾರ ಹೆಸರಿನಲ್ಲಿತ್ತೋ ಅವರ, ಕಾಗದವಾಗಿರಬಹುದು. ಗೋಡೆಗೆ ಹಾಕುವ ಮೊದಲು ಉರ್ದು ಬಲ್ಲ ಹಿರಿಯರಿಂದ ಪೂರ್ತಿಯಾಗಿ ಓದಿಸಿ.

ವಸ್ತುಗಳ ಪಕ್ಕದಲ್ಲಿ ಇಡುವ ವಿವರದ ಚೀಟಿ ಬರೆಯುವ ಕ್ರಮವನ್ನು ನೋಡಲು ಮಕ್ಕಳನ್ನು ಒಮ್ಮೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ಕರೆತನ್ನಿ. ಈ ಸೀಮೆಯಲ್ಲಿ ಮೊದಲು ಬೇಸಾಯ ಹೂಡಿದ ಜನ ಸುಮಾರು ಐದು ಸಾವಿರ ವರ್ಷಗಳ ಹಿಂದೆ ಸಂಗನಕಲ್ಲಿನ ಗುಡ್ಡಗಳ ಸುತ್ತ ನೆಲೆಸಿದ್ದರು. ದನ ಸಾಕಿದರು, ಹುರುಳಿ, ಹೆಸರು, ಕೊರಲೆ ಬೆಳೆದರು, ಹಿರೇಗುಡ್ಡದಲ್ಲಿ ಕಪ್ಪು ಡೋಲರೈಟ್ ಕಲ್ಲಿನ ಕೊಡಲಿಗಳನ್ನು ತಯಾರಿಸಿದರು, ಸುಟ್ಟ ಸಗಣಿಯ ಬೂದಿದಿಬ್ಬಗಳನ್ನು ಬಿಟ್ಟುಹೋದರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಆದರೂ ಒಂದು ಅರೆಯುವ ಕಲ್ಲಿನ ತಗ್ಗನ್ನು ನೋಡಿದರೆ ಅದರ ಮುಂದೆ ಮೊಣಕಾಲೂರಿ ಕುಳಿತವರು ಎದುರಿಗೆ ಬಂದಂತಾಗುತ್ತದೆ. ನಿಮ್ಮ ಚೀಟಿಗಳಲ್ಲಿಯೂ 'ಇಂಥವರ ಟ್ರಂಕು' ಎಂದಷ್ಟೇ ಬರೆಯದೆ, ಅದರಲ್ಲಿ ಏನು ತಂದರು, ಯಾರು ಹೊತ್ತರು, ಆಮೇಲೆ ಅದು ಯಾವುದಕ್ಕೆ ಬಳಕೆಯಾಯಿತು ಎಂಬುದನ್ನು ಬರೆಯಿಸಿ. ಕನ್ನಡದ ಜೊತೆ ತೆಲುಗಿನಲ್ಲಿಯೂ ಇರಲಿ. ವಸ್ತು ಕೊಟ್ಟ ಅಜ್ಜಿಯರು ತಾವೇ ಓದಿಕೊಳ್ಳುವಂತಾಗಬೇಕು.

ಉತ್ತರ 3: ಗಂಗಾವತಿ ತಮ್ಮ

ಕ್ಯಾಂಪಿನ ಮೂರನೆಯ ತಲೆಮಾರಿನವನಾಗಿ ಒಂದು ಮಾತು ಹೇಳಲೇಬೇಕು. ಎರೆಹೊಲ ಅಣ್ಣನವರು ಬರೆದುದನ್ನು ಒಪ್ಪುತ್ತೇನೆ. ಆದರೆ ಬಂದವರೆಲ್ಲ ಹಣ ಹಿಡಿದು ಬಂದ ದೊಡ್ಡ ರೈತರು ಎಂಬ ಭಾವನೆ ಉಳಿಯಬಾರದು. ಅಲ್ಲಿ ಪಾಲಿಗೆ ಬಂದ ಅಲ್ಪ ಹೊಲವನ್ನು ಮಾರಿ, ಅಣ್ಣತಮ್ಮಂದಿರಿಂದ ದೂರವಾಗಿ ಬಂದವರು ಅನೇಕರು. ನಮ್ಮ ಅಜ್ಜಿ ಮೊದಲ ಎರಡು ಮಳೆಗಾಲಗಳನ್ನು ತಾಳೆಗರಿಯ ಗುಡಿಸಲಿನಲ್ಲಿ ಕಳೆದರು. ಸುತ್ತ ಜಾಲಿಮುಳ್ಳು, ಹಾವು. ಅಂಗಡಿಗೆ ಹೋದರೆ ಉಪ್ಪು ಕೇಳಲೂ ಭಾಷೆ ಬಾರದು. ಪಕ್ಕದ ಹಳ್ಳಿಯ ಒಬ್ಬ ತಾಯಿ ಸಂಜೆ ಬಂದು, ಅಜ್ಜಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದರು. ಅಜ್ಜಿ ಕೊನೆಯವರೆಗೂ ಅವರನ್ನು "ಅಕ್ಕ" ಎಂದೇ ಕರೆದರು. ಆ ತಾಯಿ ನಮ್ಮ ವಂಶವೃಕ್ಷದಲ್ಲಿ ಇಲ್ಲ. ನಿಮ್ಮ ಕೋಣೆಯಲ್ಲಿ ಅಂಥವರಿಗೆ ಜಾಗವಿರಬೇಕು.

ಹಿರಿಯರು ನಮಗೆ ಬಿಟ್ಟುಹೋದದ್ದರ ಬಗ್ಗೆ ಬರೆಯುವಾಗ ಸೋನಾ ಮಸೂರಿ ಅಕ್ಕಿಯನ್ನಷ್ಟೇ ಬರೆಯಬೇಡಿ. ನಮ್ಮ ಹೊಲದ ತಗ್ಗಿನ ಮೂಲೆಯಲ್ಲಿ ಬೇಸಿಗೆ ಬಂತೆಂದರೆ ಸುಣ್ಣ ಚೆಲ್ಲಿದಂತೆ ಬಿಳಿಯ ಪೊರೆ ಏಳುತ್ತದೆ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತದೆ. ವರ್ಷಕ್ಕೆ ಎರಡು ಸಲ ಭತ್ತಕ್ಕೆ ನೀರು ನಿಲ್ಲಿಸಿದ್ದರಿಂದ, ನೀರು ಬಸಿದುಹೋಗಲು ದಾರಿಯಿಲ್ಲದ್ದರಿಂದ ಆದ ಸವಳು-ಜವಳು ಅದು, ಅಂದರೆ ನೆಲ ಉಪ್ಪಾಗಿ ನೀರು ಹಿಡಿದು ಕೆಟ್ಟದ್ದು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ನೆಲವನ್ನು ತಿದ್ದುವ ಬಗೆಯನ್ನು ವರ್ಷಗಳಿಂದ ಶೋಧಿಸುತ್ತಿದ್ದಾರೆ. ನೆಲದಡಿ ಬಸಿಗಾಲುವೆ ಕೊಳವೆ ಹಾಕಿಸಿದ ಮೇಲೆ ನಮ್ಮ ಮೂಲೆ ಸ್ವಲ್ಪ ಸುಧಾರಿಸಿದೆ. ಆ ಮಣ್ಣನ್ನು ಒಂದು ಗಾಜಿನ ಭರಣಿಯಲ್ಲಿ ತುಂಬಿ, ಪಕ್ಕದಲ್ಲಿ ಇನ್ನೂ ಕೆಡದ ಎರೆಮಣ್ಣನ್ನು ಇಡಿ. ನಮ್ಮ ತಾತಂದಿರು ನಮಗೆ ಬಿಟ್ಟುಹೋದದ್ದರಲ್ಲಿ ಅದೂ ಸೇರಿದೆ. ಅವರ ಬಗ್ಗೆ ಗೌರವವಿರುವುದರಿಂದಲೇ ಇದನ್ನು ಮುಚ್ಚಿಡಬಾರದು ಎನ್ನುತ್ತೇನೆ.

ಉತ್ತರ 4: ಹಿನ್ನೀರು, ಈಗ ಬಳ್ಳಾರಿಯಲ್ಲಿ

ಸರ್, ನಿಮ್ಮ ಕಾಲುವೆ ಎಲ್ಲಿಂದ ಆರಂಭವಾಗುತ್ತದೆಯೋ ಆ ಕಡೆಯವಳಾಗಿ ಬರೆಯುತ್ತಿದ್ದೇನೆ. ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಜೊತೆಗೂಡಿ 1945ರಲ್ಲಿ ಅಣೆಕಟ್ಟಿನ ಕೆಲಸ ಆರಂಭಿಸಿದಾಗ, ನೀರು ನಿಲ್ಲುವ ಜಾಗದಲ್ಲಿ 90ರಷ್ಟು ಹಳ್ಳಿಗಳಿದ್ದವು; 50 ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಎದ್ದರು. ನನ್ನ ತವರಿನ ಹಿರಿಯರು ನಾರಾಯಣದೇವರಕೆರೆಯವರು. ಆ ಊರು ಮುಳುಗಿತು, ಅಲ್ಲಿಯ ಅನೇಕರಂತೆ ಅವರೂ ಮರಿಯಮ್ಮನಹಳ್ಳಿಗೆ ಬಂದು ನಿಂತರು.

ನಮ್ಮ ತಾಯಿಯ ಮನೆಯ ನಡುಮನೆ ಬಾಗಿಲಿನ ಚೌಕಟ್ಟು ಇಂದಿಗೂ ಗೋಡೆಗೆ ಸರಿಯಾಗಿ ಕೂಡುವುದಿಲ್ಲ. ಮೇಲಿನ ಪಟ್ಟಿ ಒಂದು ಗೇಣು ಹೆಚ್ಚಾಗಿ ಗೋಡೆಯೊಳಕ್ಕೆ ಹೋಗಿದೆ. ಅದು ಮುಳುಗಿದ ಊರಿನ ದೊಡ್ಡ ಮನೆಯ ಚೌಕಟ್ಟು. ನೀರು ಬರುವ ಮೊದಲು ಕಿತ್ತು, ಗಾಡಿಯಲ್ಲಿ ಹೇರಿಕೊಂಡು ಬಂದು, ಚಿಕ್ಕ ಮನೆಗೆ ಕೂಡಿಸಿದ್ದು. ಅಜ್ಜಿ ಪ್ರತಿ ಶುಕ್ರವಾರ ಆ ಹೊಸ್ತಿಲಿಗೆ ಅರಿಸಿನ ಹಚ್ಚುವಾಗ "ಇದು ಅಲ್ಲೀದು" ಎನ್ನುತ್ತಿದ್ದರು. ಬೇಸಿಗೆಯಲ್ಲಿ ಜಲಾಶಯ ಇಳಿದಾಗ ಹಳೆಯ ಊರಿನ ಕುರುಹು ಕಾಣುತ್ತದೆಯೇನೋ ಎಂದು ದಡಕ್ಕೆ ಹೋಗಿ ನಿಲ್ಲುತ್ತಿದ್ದರು.

ನಿಮ್ಮ ಊರಿನ ಭತ್ತದ ತೆನೆಗೆ ನೀರು ಬಂದದ್ದು ಅಂಥ ಮನೆಗಳ ಮೇಲಿಂದ. ಕೋಣೆಯ ಬಾಗಿಲ ಬಳಿ ಕಾಲುವೆಯ ಒಂದು ನಕ್ಷೆ ಹಾಕಿ; ಅದನ್ನು ಅಣೆಕಟ್ಟಿನ ಗೋಡೆಯಿಂದ ಆರಂಭಿಸದೆ, ಹಿನ್ನೀರಿನ ಹಳ್ಳಿಗಳಿಂದ ಆರಂಭಿಸಿ ಎಂದು ಕೇಳಿಕೊಳ್ಳುತ್ತೇನೆ. ಕಲ್ಲು ಹೊತ್ತವರು, ಮಣ್ಣು ಅಗೆದವರು, ಗಾರೆಗೆ ಸುಣ್ಣ ಮತ್ತು ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಅರೆದವರು ಸಹ ಆ ನಕ್ಷೆಯಲ್ಲಿ ಇರಲಿ. ಅವರಲ್ಲಿ ಅನೇಕರು ಗುದ್ದಲಿ, ಬುಟ್ಟಿ ಹೊತ್ತುಕೊಂಡು ಕೆಲಸದ ಜೊತೆಯಲ್ಲೇ ಊರೂರು ಸಾಗಿದವರು.

ಉತ್ತರ 5: ಕೆಳಭಾಗ, ರಾಯಚೂರು ತಾಲ್ಲೂಕು

ಸಂಕ್ಷಿಪ್ತವಾಗಿ ಬರೆಯುತ್ತೇನೆ. ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದವಿದೆ, ನಾವು ಅದರ ಕೊನೆಯ ಭಾಗದ ರೈತರು. ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿಯಿಂದ 105 ಟಿಎಂಸಿ ಅಡಿಯ ಆಸುಪಾಸಿಗೆ ಇಳಿದಿದೆ. ಮೇಲ್ಭಾಗದಲ್ಲಿ ಜೋಳಕ್ಕೆಂದು ಗೊತ್ತುಪಡಿಸಿದ ಹೊಲಗಳಲ್ಲಿ ಭತ್ತ ನಿಂತಿದೆ. ನಮ್ಮ ತೂಬಿನ ಕಲ್ಲಿನ ಮೇಲೆ ನೀರಿನ ಗುರುತಿಗಿಂತ ಕುರಿ ಕಾಯುವವರು ಕುಳಿತು ಸವೆದ ಗುರುತು ಹೆಚ್ಚಾಗಿದೆ. ನೀರಿಗಾಗಿ ಪ್ರತಿ ವರ್ಷ ರಸ್ತೆಗೆ ಇಳಿಯುವವರಲ್ಲಿ ಹಳೆಯ ಹಳ್ಳಿಯವರೂ ಇದ್ದಾರೆ, ಕ್ಯಾಂಪಿನವರೂ ಇದ್ದಾರೆ. ನಿಮ್ಮ ನಕ್ಷೆಯಲ್ಲಿ ಕಾಲುವೆಯ ಗೆರೆಯನ್ನು ಕೊನೆಯವರೆಗೆ ಎಳೆದು, ನೀರು ಸಕಾಲಕ್ಕೆ ಮುಟ್ಟದ ಭಾಗವನ್ನು ಬೇರೆ ಬಣ್ಣದಲ್ಲಿ ತೋರಿಸಿ.

ಸಿಂಧನೂರಿನಲ್ಲೇ ಇರುವ ಆರ್.ಎಚ್. ಕ್ಯಾಂಪ್‌ಗಳನ್ನೂ, ಅಂದರೆ ಪುನರ್ವಸತಿ ಕ್ಯಾಂಪ್‌ಗಳನ್ನೂ, ಮರೆಯಬೇಡಿ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು, ಬರ್ಮಾದಿಂದ ಮರಳಿದವರು ಅಲ್ಲಿ ನೆಲೆಸಿದ್ದಾರೆ. ಹೊಲ ಕೊಂಡು ಬಂದವರಿಗೂ ನೆಲೆ ಕಳೆದುಕೊಂಡು ಬಂದವರಿಗೂ ಒಂದೇ 'ಕ್ಯಾಂಪ್' ಎಂಬ ಹೆಸರು ಏಕೆ ಬಂತೆಂದು ಮಕ್ಕಳೇ ಹೋಗಿ ಕೇಳಿಕೊಂಡು ಬರಲಿ.

ಕ್ಯಾಂಪಿನ ಮಾಸ್ತರ, ಮೂರು ವಾರಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ನಡೆದದ್ದನ್ನು ತಿಳಿಸುವುದು ನನ್ನ ಕರ್ತವ್ಯ.

ಉರ್ದು ಕಾಗದವನ್ನು ಸಿಂಧನೂರಿನ ನಿವೃತ್ತ ಉರ್ದು ಶಿಕ್ಷಕರೊಬ್ಬರ ಬಳಿಗೆ ಕೊಂಡೊಯ್ದೆವು. ಅವರು ಭೂತಗನ್ನಡಿ ಹಿಡಿದು, ಬೆರಳಿನಿಂದ ಒಂದೊಂದೇ ಸಾಲನ್ನು ಹಿಂಬಾಲಿಸುತ್ತ ಮಕ್ಕಳಿಗೆ ಓದಿ ಹೇಳಿದರು. ವರ್ಷ 1349 ಫಸಲಿ. ಕಡತದ ಕೋಣೆಯವರು ಉದಾಹರಣೆಗೆಂದು ಬರೆದ ವರ್ಷವೇ ಅದರಲ್ಲಿದ್ದುದನ್ನು ಕಂಡು ಮಕ್ಕಳು ಬೆರಗಾದರು. ಪಟ್ಟೇದಾರರ ಹೆಸರು ಪಕ್ಕದ ಹಳೆಯ ಹಳ್ಳಿಯ ಒಂದು ಮನೆತನದ್ದು. ನಮ್ಮ ಕ್ಯಾಂಪಿನ ಕುಟುಂಬ ಅರವತ್ತಕ್ಕೂ ಹೆಚ್ಚು ವರ್ಷ ತನ್ನದೆಂದು ಪೂಜೆಯ ಗೂಡಿನಲ್ಲಿಟ್ಟು ಕಾಪಾಡಿದ್ದು ಹೊಲ ಕೊಟ್ಟವರ ಕಾಗದವನ್ನು.

ಈ ವಿಷಯವನ್ನು ಆ ಮನೆಯ ಹಿರಿಯರಿಗೆ ಹೇಳಲು ನನಗೆ ಹಿಂಜರಿಕೆಯಿತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರಿಗೂ ತೋರಿಸಬೇಕಲ್ಲ" ಎಂದಷ್ಟೇ ಹೇಳಿದರು. ಮಾರನೆಯ ಭಾನುವಾರ ಹಳೆಯ ಹಳ್ಳಿಯಿಂದ ಪಟ್ಟೇದಾರರ ಮೊಮ್ಮಗ ಬಂದರು, ಕೈಯಲ್ಲಿ ಒಂದು ಕೂರಿಗೆಯ ಬಟ್ಟಲು ಹಿಡಿದಿದ್ದರು. ಬೀಜ ಹಾಕುವ ಕೈ ತಾಗಿ ತಾಗಿ ಅದರ ಅಂಚು ಒಂದು ಬದಿಯಲ್ಲಿ ಮಾತ್ರ ನುಣುಪಾಗಿದೆ. ಇದೇ ಹೊಲದಲ್ಲಿ ತಮ್ಮ ಅಜ್ಜಿ ಜೋಳ ಬಿತ್ತಿದ್ದ ಕೂರಿಗೆಯದೆಂದು ಹೇಳಿ ಮೇಜಿನ ಮೇಲೆ ಇಟ್ಟರು. ಮೂಲ ಕಾಗದವನ್ನು ಅವರ ಕೈಗೆ ಕೊಟ್ಟೆವು. ಪ್ರತಿ ನಮ್ಮ ಗೋಡೆಯ ಮೇಲಿರುತ್ತದೆ, ಅದರ ಕೆಳಗೆ ಆ ಬಟ್ಟಲು.

ಎಂಟು ಭಾವಚಿತ್ರಗಳು ಇರುತ್ತವೆ. ಹಿರಿಯರ ಆಸೆಯನ್ನು ಮುರಿಯಲು ನನಗೆ ಮನಸ್ಸಿಲ್ಲ. ಆದರೆ ಅವು ಬಾಗಿಲ ಎದುರಿನ ಗೋಡೆಯಿಂದ ಬಲಗಡೆಯ ಗೋಡೆಗೆ ಹೋಗಿವೆ. ಎದುರಿನ ಗೋಡೆಗೆ, ಮುಳುಗಿದ ಹಳ್ಳಿಗಳಿಂದ ಕಾಲುವೆಯ ಕೊನೆಯವರೆಗಿನ ನಕ್ಷೆಯನ್ನು ಹತ್ತನೆಯ ತರಗತಿಯವರು ಬರೆಯುತ್ತಿದ್ದಾರೆ. ಮಣ್ಣಿನ ಎರಡು ಭರಣಿಗಳು ಬಂದಿವೆ. ಹಗೇವಿನ ಕಲ್ಲು ಇನ್ನೂ ಸಿಕ್ಕಿಲ್ಲ. ಎರೆಹೊಲ ಅವರು ತಮ್ಮಲ್ಲಿರುವುದನ್ನು ಕೆಲವು ತಿಂಗಳ ಮಟ್ಟಿಗೆ ಕೊಡುವುದಾದರೆ ನಾನೇ ಬಂದು ಒಯ್ಯುತ್ತೇನೆ.

ಪ್ರಶ್ನೆ ಕೇಳಿದ ಹುಡುಗಿಯ ಅಜ್ಜಿಯದು ಒಂದೂ ಫೋಟೊ ಇರಲಿಲ್ಲ. ಕಳೆದ ವಾರ ಗದ್ದೆಗೇ ಹೋಗಿ, ನಾಟಿ ಹಚ್ಚುವ ಹೆಣ್ಣುಮಕ್ಕಳ ಸಾಲಿನ ತುದಿಯಲ್ಲಿ ಬದುವಿನ ಮೇಲೆ ಕುಳಿತಿದ್ದ ಆಕೆಯ ಚಿತ್ರ ತೆಗೆದೆವು. ಚೀಟಿಯನ್ನು ಮೊಮ್ಮಗಳೇ ಬರೆದಿದ್ದಾಳೆ: ಹೆಸರು, ಊರು, ಎಷ್ಟು ವರ್ಷ ನಾಟಿ ಹಚ್ಚಿದರು, ಮೊದಲ ದಿನ ಎಷ್ಟು ಕೂಲಿ ಸಿಕ್ಕಿತು. ಭತ್ತದ ಕಟಾವು ಮುಗಿದ ಮೇಲೆ, ಕೂಲಿಗೆ ಹೋಗುವವರಿಗೂ ಬಿಡುವಿರುವ ಒಂದು ಸಂಜೆ ಕೋಣೆಯನ್ನು ತೆರೆಯುತ್ತೇವೆ. ದಿನ ಗೊತ್ತಾದ ಮೇಲೆ ಇಲ್ಲಿಯೇ ತಿಳಿಸುತ್ತೇನೆ.